ಮಗಳಿಗೊಂದು ವಿಜ್ಞಾನದ ಪುಸ್ತಕ ಹುಡುಕಿದ್ದು

ಮಗಳ ಮೊಣಕಾಲಿನ ಮೂಳೆಗೆ ಸೋಂಕು ತಗುಲಿ ಆಪರೇಷನ್ ಆದಾಗ ಅವಳು ಆಗಷ್ಟೇ ಎಂಟನೇ ತರಗತಿ ಮುಗಿಸಿದ್ದಳು. ವರ್ಷವಿಡೀ ಮೆಟ್ಟಿಲು ಹತ್ತಬಾರದು ಎಂದರು ಡಾಕ್ಟರು. ಒಂಬತ್ತನೇ ತರಗತಿ ನಡೆಯುತ್ತಿದ್ದದ್ದು ಶಾಲೆಯ ಮೂರನೇ ಮಹಡಿಯಲ್ಲಿ. ಕೇಳಿ ನೋಡಿದೆವು, ಕೆಳಗೆ ಕೋಣೆ ಸಿಗಲಿಲ್ಲ. ಹೀಗೆ ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಬಾಡಿಗೆ ಮನೆಯ ಊಟದ ಮೇಜೇ ಅವಳ ಶಾಲೆಯಾಯಿತು. ಹತ್ತನೆಯ ಪರೀಕ್ಷೆಯನ್ನು ಮುಕ್ತ ಶಾಲೆಯಿಂದ ಬರೆಸುವುದೆಂದು ನಿಶ್ಚಯಿಸಿದೆವು.

ಭಾಷೆ, ಸಮಾಜ ನಾನು ಹೇಳಿಕೊಡಬಲ್ಲೆ. ಗಣಿತಕ್ಕೆ ನನ್ನ ಗಂಡ ಇದ್ದರು. ತಡೆದು ನಿಂತದ್ದು ವಿಜ್ಞಾನ. ಗಂಡ ರೈಲ್ವೆಯಲ್ಲಿದ್ದಾರೆ, ಭಾನುವಾರ ಚರ್ಚಿನಲ್ಲಿ ಬೈಬಲ್ ವಾಕ್ಯ ಓದುತ್ತಾರೆ. "ಮನ್ಯಾಗ ಕಲಸೋದು ಅಂದ ಮ್ಯಾಲ ದೇವರನ್ನ ಬಿಟ್ಟು ಕಲಸೋದು ಬ್ಯಾಡ," ಎಂದರು. ನನಗೂ ಹಾಗೇ ಅನಿಸಿತ್ತು.

ಸಿಕ್ಕದ್ದು ಎರಡು ಬಗೆಯ ಕ್ರೈಸ್ತ ಪಠ್ಯ. ಒಂದು ತೆಳುವಾದ ಪುಸ್ತಿಕೆಗಳ ಕಟ್ಟು. ಪಾಠ ಓದು, ಬಿಟ್ಟ ಸ್ಥಳ ತುಂಬು, ಹಿಂದಿನ ಪುಟದಲ್ಲಿ ಉತ್ತರ ನೋಡಿ ಸರಿ ಹಾಕು. ನನ್ನಂಥ ತಾಯಿಗೆ ಬಲು ಸುಲಭ. ಇನ್ನೊಂದು, ನಮ್ಮ ಚರ್ಚಿಗೆ ಬರುತ್ತಿದ್ದು ವರ್ಗವಾಗಿ ಹೋದ ಕುಟುಂಬವೊಂದು ಬಿಟ್ಟುಹೋದ ದಪ್ಪ ಇಂಗ್ಲಿಷ್ ಪುಸ್ತಕಗಳು. ಅದರಲ್ಲೂ ಪಾಠದ ಮೊದಲಿಗೆ ದೇವರ ವಾಕ್ಯ ಇತ್ತು, ಆದರೆ ಪುಟಪುಟಕ್ಕೂ ಅದನ್ನು ಮಾಡಿ ನೋಡು, ಇದನ್ನು ಮಾಡಿ ನೋಡು ಎಂಬ ಕಾಟ. ಮೊದಲ ಪ್ರಯೋಗವೇ ನಿಂತ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ನಮ್ಮ ಮನೆಯಲ್ಲಿ ಸೂಕ್ಷ್ಮದರ್ಶಕ ಎಲ್ಲಿಂದ ಬರಬೇಕು? ನಾನು ತೆಳು ಪುಸ್ತಿಕೆಗಳ ಕಡೆ ವಾಲಿದೆ. ಆದರೂ ಯಾರಾದರೂ ತಿಳಿದವರನ್ನು ಕೇಳದೆ ಧೈರ್ಯ ಬರಲಿಲ್ಲ.

ಸಿರುಗುಪ್ಪದ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ ಮಾಸ್ತರು ನಿವೃತ್ತರಾಗಿ ಕುರುಗೋಡಿನಲ್ಲಿ ಇದ್ದರು. ಹಣೆಗೆ ಅಂಗಾರ ಅಕ್ಷತೆ ಇಲ್ಲದೆ ಹೊಸ್ತಿಲು ದಾಟದ ವೈಷ್ಣವರು. "ನಮ್ಮ ಪುಸ್ತಕ ಅವರಿಗೆ ಹೆಂಗ ಸೇರತಾವು?" ಎಂದರು ಗಂಡ. "ಸೇರದಿದ್ರ ಸೇರಂಗಿಲ್ಲ ಅಂತ ಮುಖಕ್ಕ ಹೇಳ್ತಾರ್ರಿ, ಅದಕ್ಕ ಹೊಂಟೀನಿ," ಎಂದೆ.

ಮೊದಲು ಕರೂರಿನಲ್ಲಿ ನನ್ನ ಅವ್ವನ ಮನೆಯಲ್ಲಿ ಒಂದು ದಿನ ಉಳಿದೆವು. ಮಗಳು ಊರುಗೋಲು ಊರಿಕೊಂಡು ಗದ್ದೆಯ ಬದುವಿಗೆ ಹೋಗಿ ಬಾಟಲಿಯಲ್ಲಿ ನೀರು ತುಂಬಿಸಿದಳು. "ಇದನ್ನೇನು ಕುಡೀತಿಯೇನ?" ಎಂದು ಅವ್ವ ನಕ್ಕಳು. "ನೋಡಾಕ, ಅಜ್ಜಿ. ಪುಸ್ತಕದಾಗ ಹಂಗ ಬರದೈತಿ." ಮರುದಿನ ಸಿರುಗುಪ್ಪಕ್ಕೆ ಬಂದು ಕುರುಗೋಡಿನ ಬಸ್ಸು ಹಿಡಿದೆವು. ಬಾಟಲಿ ಅವಳ ತೊಡೆಯ ಮೇಲೆ, ಪುಸ್ತಕಗಳ ಭಾರ ನನ್ನ ಹೆಗಲಿಗೆ.

ಮಾಸ್ತರಿಗೆ ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ವಿಷಯ ಕೇಳಿದ ಮೇಲೆ ಕನ್ನಡಕ ಒರೆಸಿಕೊಂಡು ಎರಡೂ ಕಟ್ಟುಗಳನ್ನು ಎದುರಿಗಿಟ್ಟುಕೊಂಡು ಕೂತವರು ಊಟದ ಹೊತ್ತಾದರೂ ಏಳಲಿಲ್ಲ. ಅವರ ಹೆಂಡತಿ ನಮಗೆ ಅವಲಕ್ಕಿ ಕೊಟ್ಟರು. ಕೊನೆಗೆ ಮಾಸ್ತರು ತೆಳು ಪುಸ್ತಿಕೆಯನ್ನು ಪಕ್ಕಕ್ಕಿಟ್ಟರು.

"ಇದರಾಗ ತಪ್ಪೇನಿಲ್ಲಮ್ಮ. ಆದ್ರ ಹುಡುಗಿ ಕಣ್ಣು ಮುಚ್ಚಿಕೊಂಡೂ ಪಾಸಾಗ್ತಾಳ. ಈ ದಪ್ಪ ಪುಸ್ತಕ ಬರದಾಂವ ಖರೇನ ಸೂಕ್ಷ್ಮದರ್ಶಕದಾಗ ಕಣ್ಣಿಟ್ಟು ಕೂತಾಂವ. ಓದಿದ್ರ ಗೊತ್ತಾಗ್ತದ."

"ಹಂಗಾರ ಇದನ್ನ ಇಟ್ಟುಕೊಳ್ಳಲೇನ್ರಿ ಸಾರ್?"

ಅವರು ಅದೇ ಪುಸ್ತಕದಲ್ಲಿ ಭೂಮಿಯ ವಯಸ್ಸನ್ನು ಕೆಲವೇ ಸಾವಿರ ವರ್ಷ ಎಂದು ಹೇಳುವ ಪಾಠವನ್ನು ತೆರೆದು ನನ್ನ ಕಡೆ ತಿರುಗಿಸಿದರು. "ಇದೊಂದನ್ನ ನಾನು ಒಪ್ಪಂಗಿಲ್ಲ. ಯಾಕ ಅಂತ ಹೇಳ್ತೀನಿ. ನಿನ್ನ ದೇವರ ಮ್ಯಾಲಿನ ಮಾತಲ್ಲ ಇದು, ಕಲ್ಲಿನ ಮಾತು."

ಮಗಳನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಮನೆಗೆ ಒರಗಿದಂತೆ ಒಂದು ಬಂಡೆ. ಅದರ ಮೇಲೆ ಅವಳ ಬೆರಳಿಟ್ಟು, ಕೆಂಪು ಹರಳು ಯಾವುದು, ಬಿಳಿ ಯಾವುದು, ಮಿನುಗುವ ಕರಿ ಯಾವುದು ಎಂದು ತೋರಿಸಿದರು. ನೆಲದ ಆಳದಲ್ಲಿ ಕರಗಿದ್ದದ್ದು ಬಹಳ ನಿಧಾನವಾಗಿ ಆರಿದರೆ ಮಾತ್ರ ಹರಳು ಇಷ್ಟು ದೊಡ್ಡದಾಗುತ್ತದೆ, ಆಮೇಲೆ ಮೇಲಿನ ನೆಲವೆಲ್ಲ ಸವೆದುಹೋಗಿ ಅದು ಬಯಲಿಗೆ ಬರಬೇಕು, ಇದಕ್ಕೆಲ್ಲ ಕೆಲವು ಸಾವಿರ ವರ್ಷ ಎಲ್ಲಿ ಸಾಕಾದೀತು ಎಂದರು. ಮಗಳು ಕೈ ತೆಗೆಯಲೇ ಇಲ್ಲ. ನಾನು ಹುಟ್ಟಿದಂದಿನಿಂದ ಈ ಸೀಮೆಯ ಬಂಡೆಗಳನ್ನು ನೋಡಿದವಳು. ಅವಕ್ಕೂ ಒಂದು ಕಥೆ ಇರಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಒಳಗೆ ಬಂದ ಮೇಲೆ ಮಾಸ್ತರು ಕಪಾಟಿನಿಂದ ಸೂಕ್ಷ್ಮದರ್ಶಕ ತೆಗೆದರು. ನಿವೃತ್ತಿಯ ದಿನ ಹಳೆಯ ವಿದ್ಯಾರ್ಥಿಗಳು ಕೊಟ್ಟದ್ದಂತೆ. ಕಿಟಕಿಯ ಬೆಳಕನ್ನು ಅದರ ಕನ್ನಡಿಗೆ ಹಿಡಿದು, ಗಾಜಿನ ಮೇಲೆ ಕರೂರಿನ ನೀರಿನ ಒಂದು ಹನಿ ಬಿಟ್ಟು, ಎರಡು ಎಳೆ ಹತ್ತಿ ಇಟ್ಟರು. "ಇಲ್ಲಾಂದ್ರ ನೀರಾಗಿನ ಸಣ್ಣ ಜೀವ ಓಡಿ ಹೋಗ್ತಾವ," ಎಂದರು.

ಮಗಳು ಕಣ್ಣಿಟ್ಟಳು. ಏನು ಕಾಣುತ್ತದೆ ಎಂದು ಕೇಳಿದರೆ ಬರೀ ಕೈ ಎತ್ತಿ ಸುಮ್ಮನಿರು ಎಂದಳು. ಬಹಳ ಹೊತ್ತಿನ ಮೇಲೆ, "ಮಮ್ಮಿ, ಒಂದು ಇದ್ದದ್ದು ಎರಡಾಗಾಕತ್ತೈತಿ," ಎಂದು ಪಿಸುಗುಟ್ಟಿದಳು.

ನಾನು ಬಗ್ಗಿದೆ. ಬೆಳಕಿನ ಬಿಲ್ಲೆಯಲ್ಲಿ ಹತ್ತಿಯ ಎಳೆಗಳ ನಡುವೆ, ಚಪ್ಪಲಿಯ ಅಟ್ಟೆಯಂಥ ಆಕಾರದ, ಗಾಜಿನಷ್ಟು ತಿಳಿಯಾದ ಜೀವವೊಂದು ಸಿಕ್ಕಿಕೊಂಡಿತ್ತು. ನಡು ನೂಲಿನಷ್ಟು ಸಣ್ಣಗಾಗಿತ್ತು. ಎರಡೂ ಕಡೆ ಅಲುಗಾಡುತ್ತಿತ್ತು. ನೋಡನೋಡುತ್ತ ನೂಲು ಕಡಿಯಿತು. ಎರಡೂ ತಮ್ಮ ತಮ್ಮ ದಾರಿ ಹಿಡಿದು ಬೆಳಕಿನಿಂದಾಚೆ ಹೋದವು. ನನ್ನ ಅವ್ವ ಜೀವಮಾನವೆಲ್ಲ ಆ ನೀರಿನಲ್ಲಿ ನಿಂತು ನಾಟಿ ಹಾಕಿದವಳು. ಅವಳ ಕಾಲ ಸುತ್ತ ದಿನವೂ ಹೀಗೆ, ಯಾರೂ ನೋಡದೆ, ಲೆಕ್ಕವಿಲ್ಲದಷ್ಟು ಸೃಷ್ಟಿ ನಡೆದಿತ್ತು! ನಾನು ಅಲ್ಲೇ ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ ಹೇಳಿದೆ. ಕಣ್ಣು ಬಿಟ್ಟಾಗ ಮಾಸ್ತರೂ ಕೈ ಮುಗಿದು ನಿಂತಿದ್ದರು, ಯಾರಿಗೆಂದು ನಾನು ಕೇಳಲಿಲ್ಲ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ದಪ್ಪ ಪುಸ್ತಕ ಇರಲಿ, ಆದರೆ ಭೂಮಿಯ ಪಾಠಕ್ಕೆ ಸರಕಾರದ ಪುಸ್ತಕವನ್ನೂ ಜೊತೆಗೆ ಓದಿಸೋಣ ಎಂದೆ. ಜಗಳ ಆಗಬಹುದೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವರು ಎರಡು ದಿನ ಡ್ಯೂಟಿಯಿಂದ ಬಂದು ಎರಡೂ ಪುಸ್ತಕ ಓದಿದರು, ಮಗಳನ್ನು ಕೂರಿಸಿಕೊಂಡು ಬಂಡೆಯ ವಿಷಯ ಬಿಡಿಸಿ ಬಿಡಿಸಿ ಕೇಳಿದರು. ಮೂರನೆಯ ದಿನ ಚಹಾ ಕುಡಿಯುತ್ತ, "ದೇವರಿಗೇನು ಅವಸರ ಇತ್ತು ಹೇಳು," ಎಂದರು. ನಾನು ಅವರ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದೆ. "ಎರಡೂ ಓದಲಿ. ನಾವೂ ಓದೂಣು," ಎಂದರು.

ಆ ಸೋಮವಾರ ಪಾಠ ಶುರುವಾಯಿತು. ಮೇಜಿನ ಮೂರು ಕಡೆ ಮೂವರು. ಪ್ರಾರ್ಥನೆ ಮಾಡಿ, ಜೀವಕೋಶದ ಪಾಠ ತೆರೆದೆವು. ಗಂಡ ಇಂಗ್ಲಿಷಿನ ಒಂದು ಪದಕ್ಕೆ ತಡವರಿಸಿದರು. ಮಗಳು ಅದನ್ನು ಬಿಡಿಸಿ ಹೇಳಿ, ತಾನು ನೋಡಿದ್ದನ್ನು ಪೆನ್ಸಿಲಿನಲ್ಲಿ ಚಿತ್ರ ಬರೆದು ತೋರಿಸಲು ಶುರು ಮಾಡಿದಳು. ನಾವಿಬ್ಬರೂ ಮುಂದಕ್ಕೆ ಬಗ್ಗಿ ಕೂತೆವು.