ಸುಂದರವ್ವ ಬೀರಪ್ಪನಿಗೆ ಕೇಳಿದ ಪ್ರಶ್ನೆ

ಹಿಪ್ಪರಗಿಯ ಸುಂದರವ್ವ ಕಿವುಡಿ ಎಂದು ಇದನ್ನು ಬರೆಯುತ್ತಿರುವವನು ಒಂದು ಕಾಲದಲ್ಲಿ ಗಟ್ಟಿಯಾಗಿ ನಂಬಿದ್ದ. ಅವಳೆದುರು ನಿಂತು, ಎರಡೂ ಕೈ ಆಡಿಸಿ, ಗಂಟಲು ಹರಿಯುವಂತೆ ಬ್ಯಾರೇಜಿನ ದಾರಿ ಕೇಳಿದ್ದೂ ಉಂಟು. ಅವಳು ಪೂರ್ತಿ ಕೇಳಿಸಿಕೊಂಡು, ನದಿಯ ಕಡೆ ಒಮ್ಮೆ ಮುಖ ಮಾಡಿ, ಕುರಿ ಹೊಡೆದುಕೊಂಡು ಹೋಗಿದ್ದಳು. ಕಿವಿ ಚೆನ್ನಾಗಿಯೇ ಇತ್ತು. ಮಾತಾಡಿಸುವವರು ಇಲ್ಲವಾದ ಮೇಲೆ ಮಾತಿನ ರೂಢಿ ತಪ್ಪಿತ್ತು, ಅಷ್ಟೆ.

ಗಂಡ ಅಪ್ಪಾಸಾಬ ಕೊರೊನಾದ ಎರಡನೇ ಅಲೆಯಲ್ಲಿ ಹೋದ. ಆಗಲೇ ಅವನ ವಯಸ್ಸಿನವರಿಗೆ ಲಸಿಕೆ ಬಂದಿತ್ತು. “ನೋಡೂಣ ತಡಿ” ಅಂದಿದ್ದ, ನೋಡುತ್ತಲೇ ಹೋದ. ಹೆಣ ಮನೆಗೆ ಬರಲಿಲ್ಲ. ರೋಗದ ಅಂಜಿಕೆಗೆ ಮಣ್ಣಿಗೂ ಯಾರೂ ಬರಲಿಲ್ಲ. ಅಂಜಿಕೆ ಹೋದ ಮೇಲೆ ಬರಬಹುದಿತ್ತು. ಅಷ್ಟೊತ್ತಿಗೆ ಅವಳ ಬಾಗಿಲು ದಾಟಿ ಮುಂದೆ ಹೋಗುವುದೇ ಎಲ್ಲರಿಗೂ ರೂಢಿಯಾಗಿತ್ತು.

ಮುಂದಿನ ಸಂಕ್ರಾಂತಿಯ ಹೊತ್ತಿಗೆ ಹರೆಯದ ಹುಡುಗರಿಗೂ ಲಸಿಕೆ ಎಂದು ಬಂತು. ಅವಳ ಒಬ್ಬನೇ ಮಗ ಮಾಳು ಜಮಖಂಡಿಯಲ್ಲಿ ಪಿಯುಸಿ ಮೊದಲ ವರ್ಷ ಓದುತ್ತಿದ್ದ. ಓದುವುದಕ್ಕಿಂತ ಅಂಗಳದಲ್ಲಿದ್ದ ಸಂಗ್ರಾಣಿ ಕಲ್ಲು ಎತ್ತುವುದರಲ್ಲಿ ಅವನಿಗೆ ಹೆಚ್ಚು ಶ್ರದ್ಧೆ. ಗುಂಡನೆಯ ಆ ಕಲ್ಲನ್ನು ಅಪ್ಪ ಹೆಗಲಿಗೇರಿಸುತ್ತಿದ್ದ. ಮಗ ಎದೆಯವರೆಗೆ ತಂದಿದ್ದ.

ಅದೇ ಎದೆಯ ಮೇಲೆ ಗೊಬ್ಬರದ ಅಂಗಡಿಯ ಗೌರೀಶನ ಕಣ್ಣು ಬಿತ್ತು. ಕಬ್ಬಿಗೆ ಔಷಧಿ ಕೇಳಿದರೆ ಈ ಗೃಹಸ್ಥ ಕನ್ನಡಕ ಹಾಕಿಕೊಂಡು ಡಬ್ಬಿ ಓದಿ ಹೇಳುತ್ತಿದ್ದ. ಮನುಷ್ಯರ ಔಷಧಿಗೆ ಅಷ್ಟು ಕಷ್ಟ ಬೇಕಿರಲಿಲ್ಲ, ಮೊಬೈಲು ಸಾಕಿತ್ತು.

“ಸುಂದರಕ್ಕ, ಈ ಸೂಜಿ ಹರೇದ ಹುಡುಗರ ಎದಿಗುಂಡಗಿಗೆ ಬಾವು ತರತೈತಿ. ಪರದೇಶದಾಗ ಆಗೇತಿ. ನಿನಗ ಇರಾಂವ ಒಬ್ಬ.”

“ಎಷ್ಟ ಮಂದಿಗೆ ಆಗೇತಿ ಅಣ್ಣಾರ?”

“ಎಷ್ಟ ಮಂದಿ ಅನ್ನೂದಲ್ಲವಾ. ಆಗೇತಿ ಅನ್ನೂದು.”

ಸುಂದರವ್ವ ಆಸ್ಪತ್ರೆಗೆ ಹೋಗಿ ಡಾಕ್ಟರ್ ವೈಶಾಲಿಯನ್ನು ಕೇಳಿದಳು. ಸುಳ್ಳು ಎಂದು ಬೈದು ಕಳಿಸುತ್ತಾರೆ, ಹಗುರಾಗಿ ಮನೆಗೆ ಬರಬಹುದು ಎಂಬ ಆಸೆ. ಡಾಕ್ಟರು ಬೈಯಲಿಲ್ಲ.

“ಸುಳ್ಳಲ್ಲಕ್ಕಾರ. ಪರದೇಶದಾಗ ಹಾಕೂ ಕೆಲವು ಲಸಿಕಿಯಿಂದ ಹಂಗ ಆಗೇತಿ, ಹುಡುಗರಿಗೇ ಜಾಸ್ತಿ. ಸಾವಿರಾರು ಮಂದ್ಯಾಗ ಒಬ್ಬರಿಗೆ. ಬಹಳ ಮಂದಿ ಆರಾಮೂ ಆಗ್ಯಾರ. ನಾವು ಹಾಕೂದು ಬ್ಯಾರೆ ನಮೂನಿದು. ಇಲ್ಲಿ ನಾ ಒಂದೂ ನೋಡಿಲ್ಲ. ಆದ್ರ ಆಗೂದೇ ಇಲ್ಲಂತ ಹ್ಯಾಂಗ ಹೇಳಲಿ? ರೋಗ ಬಂದ್ರೂ ಗುಂಡಗಿಗೆ ಬಾವು ಬರತೈತಿ, ಅದರಿಂದಾನ ಜಾಸ್ತಿ.”

“ಹಂಗಾದ್ರ ಹಾಕಸ್ಲ್ಯೋ, ಬ್ಯಾಡೋ ಬಾಯಾರ?”

“ನಾ ಆಗಿದ್ರ ಹಾಕಸ್ತಿದ್ದೆ. ಆದ್ರ ಮಗ ನಿಮ್ಮಾಂವ.”

ಖರೆ ಹೇಳುವವರಲ್ಲಿ ಇದೊಂದು ತೊಂದರೆ. ಭಾರವನ್ನು ತೂಗಿ ಕೊಡುತ್ತಾರೆ, ಹೊರುವುದು ನಮ್ಮ ಪಾಲಿಗೇ ಉಳಿಯುತ್ತದೆ.

ಕೇಳುವುದಕ್ಕೆ ಉಳಿದವನು ಗುಡಿಯ ಬೀರಪ್ಪ. ಅವನ ಅಪ್ಪಣೆ ಕೇಳುವವರು ಮೂರ್ತಿಯ ಎರಡೂ ಬದಿಗೆ ಒದ್ದೆ ಹೂ ಅಂಟಿಸಿ, ಮನಸ್ಸಿನಲ್ಲಿ ಕೇಳಿಕೊಂಡು ಕೂರುತ್ತಾರೆ. ಬಲದ ಹೂ ಬಿದ್ದರೆ ಮಾಡು, ಎಡದ್ದು ಬಿದ್ದರೆ ಬಿಡು. ಸುಂದರವ್ವ ಬೆಳಿಗ್ಗೆಯೇ ಹೋಗಿ ಕುಳಿತಳು. ಹೊತ್ತು ನೆತ್ತಿಗೆ ಬಂದರೂ ಹೂ ಅಲುಗಲಿಲ್ಲ. ದೇವರ ಕಚೇರಿಯ ಸಾಹೇಬನಂತೆ ಕಂಬಕ್ಕೊರಗಿದ್ದ ಪೂಜಾರಿ ಕಾಶಪ್ಪ ಎರಡು ಸಲ ಆಕಳಿಸಿ ಕೇಳಿದ:

“ಏನಂತ ಬೇಡಿಕೊಂಡಿ ಬೇ?”

“ಹಾಕಿಸಿದ್ರೂ ಹುಡುಗಗ ಏನೂ ಆಗಬಾರ್ದು, ಬಿಟ್ರೂ ಏನೂ ಆಗಬಾರ್ದು ಅಂತ.”

“ಹಂಗ ಕೇಳ್ತಾರೇನ? ಒಂದ ಹಿಡೀಬೇಕು. ಎರಡೂ ಕೊಡು ಅಂದ್ರ ದೇವರು ಯಾವ ಹೂ ಕೆಡವಬೇಕು?”

“ಎರಡೂ ಕಡಿ ಅಂಜಿಕಿ ಐತೆಲ್ಲಪ್ಪ.”

“ನಾಳೆ ಬಾ. ದೇವರಿಗೆ ಊಟದ ಹೊತ್ತಾತು” ಎಂದ ಕಾಶಪ್ಪ, ದೇವರ ಪರವಾಗಿ ಹೊಟ್ಟೆ ಸವರಿಕೊಳ್ಳುತ್ತ.

ಕಬ್ಬಿನ ಬದುವಿನ ಮೇಲೆ ಮನೆಗೆ ನಡೆಯುತ್ತ ಅವಳಿಗೆ ತನ್ನ ಅಂಜಿಕೆಯ ಮುಖ ಕಂಡಿತು. ಹಾಕಿಸಿ ಏನಾದರೂ ಆದರೆ ಅವ್ವ ಮಾಡಿದ್ದು ಅನ್ನುತ್ತಾರೆ. ಬಿಟ್ಟು ಏನಾದರೂ ಆದರೆ ಹಣೆಬರಹ ಅನ್ನುತ್ತಾರೆ. ಅಪ್ಪಾಸಾಬನಿಗೂ ಊರು ಹಣೆಬರಹವೆಂದೇ ಅಂದಿತ್ತು. ಯಾರ ಮೇಲೂ ತಪ್ಪು ಬಂದಿರಲಿಲ್ಲ. ಆದರೂ ಅವನು ತಿರುಗಿ ಬಂದಿರಲಿಲ್ಲ. ಮರುದಿನ ಅವಳು ಗುಡಿಗೆ ಹೋಗಲಿಲ್ಲ. ಮಗನನ್ನು ಕರೆದುಕೊಂಡು ಜಮಖಂಡಿಯ ಬಸ್ಸು ಹತ್ತಿದಳು.

ಕಾಲೇಜಿನಲ್ಲಿ ಲಸಿಕೆಯ ಸರದಿಯಲ್ಲಿ ಮಾಳುವಿನ ಮುಂದೆಯೇ ಗೌರೀಶನ ಮಗಳು ಪ್ರೀತಿ ನಿಂತಿದ್ದಳು. ಗೌರೀಶ ಗಿಡದ ಮರೆಗೆ ಬೈಕು ನಿಲ್ಲಿಸಿ, ಮಾಸ್ಕನ್ನು ಕಣ್ಣಿನವರೆಗೂ ಏರಿಸಿಕೊಂಡಿದ್ದ. ಅವನದೂ ಸುಂದರವ್ವನದೂ ಒಂದೇ ಅಂಜಿಕೆ. ಒಟ್ಟಿಗೆ ನಿಂತಿದ್ದರೆ ಅರ್ಧರ್ಧ ಆಗುತ್ತಿತ್ತೇನೋ. ಅವಳನ್ನು ಕಂಡು ಅವನು ಗೋಡೆಯ ಕಡೆ ತಿರುಗಿದ.

ಲಸಿಕೆ ಆದ ಮೇಲೆ ಎದೆನೋವು, ಏದುಸಿರು, ಬಡಿತದಲ್ಲಿ ಏರುಪೇರು ಕಂಡರೆ ಕೂಡಲೇ ಬನ್ನಿ, ಕೆಲವು ದಿನ ಭಾರ ಎತ್ತಿಸಬೇಡಿ ಎಂದು ವೈಶಾಲಿ ಹೇಳಿದ್ದರು. ಸಂಗ್ರಾಣಿ ಕಲ್ಲನ್ನು ಬಚ್ಚಿಡುವ ಶಕ್ತಿ ಸುಂದರವ್ವನಿಗಿರಲಿಲ್ಲ. ಅದರ ಮೇಲೆಯೇ ಕುಳಿತು ಜೋಳ ಹಸನು ಮಾಡತೊಡಗಿದಳು. ನಡುನಡುವೆ ಎದ್ದು ಹೋಗಿ, ಮಲಗಿದ್ದ ಮಗನ ಎದೆಗೆ ಕಿವಿ ಹಚ್ಚುವಳು.

“ಅವ್ವಾ, ಸಂತ್ಯಾಗ ಎತ್ತ ನೋಡಿದಂಗ ನೋಡಾಕತ್ತೀಯಲ್ಲ. ಹಲ್ಲೂ ತೋರಸ್ಲೇನ?”

“ಸುಮ್ನ ಬೀಳಲೇ.”

ಜ್ವರ ಬಂತು, ಹೋಯಿತು. ತೋಳು ನೋವಾಯಿತು, ಬಿಟ್ಟಿತು. ಎದೆ ತನ್ನ ಪಾಡಿಗೆ ಬಡಿಯುತ್ತಿತ್ತು. ಏನಾದರೂ ಆಗಿದ್ದರೆ ಊರು ಬಂದು ಅಂಗಳ ತುಂಬುತ್ತಿತ್ತು. ಏನೂ ಆಗಲಿಲ್ಲ ಎಂಬುದನ್ನು ಯಾರ ಮನೆಗೆ ಹೋಗಿ ಹೇಳುವುದು? ಅವಳು ಕುರಿಗಳಿಗೆ ಹೇಳಿದಳು.

ಒಂದು ಸಂಜೆ ಗೌರೀಶ ಬಂದ. ಕಾಲೇಜಿನ ಗಿಡದ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅಂಗಳದ ನಡುವೆ ನಿಂತು, ಪಂಚಾಯಿತಿ ಕಟ್ಟೆಯೇರಿದ ಗತ್ತಿನಲ್ಲಿ ಕೇಳಿದ:

“ಅಲ್ಲ ಸುಂದರಕ್ಕ, ಇಂಥಾ ದೊಡ್ಡ ಕೆಲಸ ಒಬ್ಬಾಕಿನ ಮಾಡೂದೇನ? ಮನ್ಯಾಗ ಹಿರ್ಯಾರನ್ನ ಒಂದ ಮಾತ ಕೇಳಬಾರದಿತ್ತೇನ?”

ಸುಂದರವ್ವ ಮೊರದಿಂದ ತಲೆ ಎತ್ತಲಿಲ್ಲ. ಜೋಳದಲ್ಲಿ ಸಿಕ್ಕ ಹರಳೊಂದನ್ನು ಆಚೆ ಎಸೆದಳು.

“ಕೇಳೇನಿ. ಮನ್ಯಾಗ ಹಿರ್ಯಾಕಿ ನಾನ.”