ಎಂಟರ ಕಾಲಿಗೆ ಒಂಬತ್ತರ ಬೂಟು

ಫೆಬ್ರವರಿ ಒಂದು, ಭಾನುವಾರ. ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಇದನ್ನು ಬರೆಯಲು ಕೂತಿದ್ದೇನೆ. ಎಡ ಹಿಮ್ಮಡಿಯ ಬೊಕ್ಕೆ ಒಣಗಿದೆ, ಬಲಗಾಲಿನದು ಇನ್ನೂ ಹಸಿಯಾಗಿದೆ. ಎರಡಕ್ಕೂ ಕಾರಣವಾದ ಬೂಟುಗಳು ಬಾಗಿಲ ಹೊರಗೆ, ಮೊದಲ ಸಲ ಮನೆಗೆ ಬಂದ ನೆಂಟರ ಹಾಗೆ ಗಂಭೀರವಾಗಿ ನಿಂತಿವೆ.

ನನ್ನ ಕೆಲಸ ತೋಟ ಅಳೆಯುವುದು. ಹನಿ ನೀರಾವರಿ ಮಾಡಿಸುವವರ ಜಮೀನಿನಲ್ಲಿ ಟೇಪು ಹಿಡಿದು ನಡೆದು, ಎಲ್ಲಿ ಎಷ್ಟು ಪೈಪು ಬೇಕೆಂದು ನಕ್ಷೆ ಬರೆದುಕೊಡುತ್ತೇನೆ. ಒಂದು ದಿನ ನಮ್ಮೂರು ಬಸವಾಪಟ್ಟಣದ ಅಡಿಕೆ ತೋಟದ ಕೆಸರು, ಮರುದಿನ ಉಬ್ರಾಣಿ ಕಡೆಯ ಹೊಲದ ಜಾಲಿಮುಳ್ಳು. ಕಳೆದ ವರ್ಷ ನನ್ನ ಕಾಲಡಿಯಲ್ಲಿ ಪ್ರಾಣ ಬಿಟ್ಟವುಗಳ ಲೆಕ್ಕ ಹೀಗಿದೆ: ಅಟ್ಟೆ ಬಾಯಿ ಬಿಟ್ಟ ಕ್ಯಾನ್ವಾಸ್ ಶೂ ಎರಡು ಜೊತೆ, ಮುಳ್ಳು ತೂರಿ ಬಂದ ಸ್ಯಾಂಡಲ್ ಒಂದು ಜೊತೆ, ಕೆಸರಿನಲ್ಲಿ ಹೂತುಹೋದ ಚಪ್ಪಲಿ ಒಂದು ಜೊತೆ. ನಿಜ ಹೇಳಬೇಕೆಂದರೆ ಹೂತದ್ದು ಎಡಗಾಲಿನದು ಮಾತ್ರ. ಆದರೆ ಬಲಗಾಲಿನದನ್ನು ಬದುಕಿದವರ ಪಟ್ಟಿಗೆ ಸೇರಿಸಲು ಮನಸ್ಸು ಬರಲಿಲ್ಲ.

ಹೀಗಾಗಿ ಕಣಕಾಲು ಮುಚ್ಚುವ, ಒಳ್ಳೆಯ ಚರ್ಮದ, ಲೇಸಿನ ಬೂಟು ಒಂದೇ ಜೊತೆ ಕೊಳ್ಳುವುದೆಂದು ತೀರ್ಮಾನಿಸಿದೆ. ಅದು ಹೊಲಕ್ಕೂ ಆಗಬೇಕು, ಜೀನ್ಸ್ ಪ್ಯಾಂಟಿನ ಕೆಳಗೆ ಹಾಕಿಕೊಂಡು ನೆಂಟರ ಮನೆಗೂ ಹೋಗುವಂತಿರಬೇಕು.

ಚನ್ನಗಿರಿಯಲ್ಲಿ ಹೊಕ್ಕ ಅಂಗಡಿಗಳಲ್ಲೆಲ್ಲ ಕೈಗೆ ಸಿಕ್ಕಿದ್ದೆಲ್ಲ ಪ್ಯೂರ್ ಲೆದರ್ ಆಗಿತ್ತು. ಒಂದು ಕಡೆ ಹೊರಗೆ ತೂಗುಹಾಕಿದ್ದ ರಬ್ಬರ್ ಚಪ್ಪಲಿಯನ್ನೂ ಹಾಗೇ ಹೇಳಿದರು. ನ್ಯಾಮತಿಯ ಅಂಗಡಿಯವರು ಬರೀ ಬಾಯಿಮಾತಿನವರಲ್ಲ. "ಅಸಲಿ ಚರ್ಮ ಬೆಂಕಿಗೆ ಜಗ್ಗಲ್ಲ, ನೋಡ್ರಿ ಬೇಕಾದ್ರೆ" ಎಂದು ಲೈಟರ್ ಹಚ್ಚಿ ಬೂಟಿನ ಮೂತಿಗೆ ಹಿಡಿದೇಬಿಟ್ಟರು. ಮೂತಿ ಸುಕ್ಕಾಗಿ, ಕರಗಿ, ಪ್ಲಾಸ್ಟಿಕ್ ಕೊಡ ಸುಟ್ಟ ವಾಸನೆ ಅಂಗಡಿ ತುಂಬ ಹರಡಿತು. ಕೊನೆಗೆ ಅವರು, "ಇದು ಡಿಸ್‌ಪ್ಲೇಗೆ ಇಟ್ಟಿದ್ದು ಕಣ್ರಿ" ಎಂದು ಅದನ್ನು ಕೌಂಟರಿನ ಕೆಳಗೆ ಸರಿಸಿದರು.

ಹೊನ್ನಾಳಿಯಲ್ಲಿ ಸಿಕ್ಕಿತು. ಕಂದು ಬಣ್ಣ, ಹೊಳಪು ಕಡಿಮೆ. ಬಗ್ಗಿಸಿದರೆ ಸಣ್ಣ ಗೆರೆ ಮೂಡಿ, ಬಿಟ್ಟರೆ ಮಾಯವಾಗುತ್ತಿತ್ತು. ಒಳಗೆ ಬೆರಳಾಡಿಸಿದರೆ ಚರ್ಮದ ಒರಟು ಮಗ್ಗಲು ಸಿಗುತ್ತಿತ್ತು. ಅಟ್ಟೆಯನ್ನು ಅಂಟಿಸಿ ಬಿಟ್ಟಿರಲಿಲ್ಲ, ಸುತ್ತ ಹೊಲಿದಿದ್ದರು. ಇಡೀ ದಿನ ನಡೆದ ಕಾಲು ಸಂಜೆಗೆ ಸ್ವಲ್ಪ ಊದಿರುತ್ತದೆಂದು ಬೇಕೆಂದೇ ಸಂಜೆ ಹೋಗಿ, ಕೆಲಸಕ್ಕೆ ಹಾಕುವ ಕಾಲುಚೀಲದಲ್ಲೇ ಹಾಕಿ ನೋಡಿದೆ. ಎಂಟನೇ ನಂಬರು. ಬೆರಳಿಗೆ ಜಾಗವಿತ್ತು, ಹಿಮ್ಮಡಿ ಮಿಸುಕಲಿಲ್ಲ. ಸಂಬಳ ಬಂದ ಮೇಲೆ ಬರುತ್ತೇನೆಂದು ಹೇಳಿ ಹೊರಟೆ.

ಸಂಬಳಕ್ಕಿಂತ ಮೊದಲು ಮದುವೆ ಗೊತ್ತಾಯಿತು. ಹುಡುಗಿ ಜಗಳೂರು ಕಡೆಯವಳು. ಅವರಪ್ಪ ಮೆಕ್ಕೆಜೋಳ, ಶೇಂಗಾ ಬೆಳೆದು ಕುರಿ ಸಾಕುವವರು. ನಮ್ಮಪ್ಪ ಅಡಿಕೆ ವ್ಯಾಪಾರದವರು. ಬೂಟಿನ ವಿಷಯ ತೆಗೆದದ್ದೇ ತಡ, ಅಪ್ಪ ಕೈ ಅಡ್ಡ ಹಿಡಿದರು.

"ಲೇ, ಮದುಮಗನಿಗೆ ಬಟ್ಟೆ, ಬೂಟು ಕೊಡ್ಸೋರು ಹೆಣ್ಣಿನ ಕಡೇರು. ನೀನೇ ತಗಂಡ್ರೆ ಅವ್ರು ಏನು ಕೊಡ್ಸಬೇಕು, ಹಾರಾನಾ?"

"ಹಂಗಾದ್ರೆ ಎಂಥದ್ದು ಬೇಕು ಅಂತ ಅವ್ರಿಗೆ ಹೇಳ್ತೀನಿ."

"ಬಾಯಿ ತೆಗೆದೀಯ, ಜೋಕೆ! ವರದಕ್ಷಿಣೆ ಬ್ಯಾಡ ಅಂದೋರು ಬೂಟು ಕೇಳಿದ್ರು ಅಂತ ಜಗಳೂರಿಂದ ಚನ್ನಗಿರಿ ತನಕ ಆಡ್ಕಂತಾರೆ. ಕೊಟ್ಟಿದ್ದು ಹಾಕ್ಕಾ."

ಕೊಟ್ಟದ್ದನ್ನು ಮೂಲೆಗಿಟ್ಟು ಆಮೇಲೆ ಬೇರೆ ಕೊಳ್ಳುವಂತೆಯೂ ಇರಲಿಲ್ಲ. ಅದು ಕೇಳುವುದಕ್ಕಿಂತ ದೊಡ್ಡ ಅವಮಾನ. ಅಂದರೆ ಅವರು ಯಾವುದನ್ನು ಕೊಡಿಸುತ್ತಾರೋ ಅದರಲ್ಲೇ ನಾನು ಕೆಸರು, ಮುಳ್ಳು ತುಳಿದು ಬದುಕಬೇಕು. ನನಗೆ ಬೇಕಾದ ಬೂಟು ನಾನು ಕೇಳದೆ ನನ್ನ ಕಾಲಿಗೆ ಬರಬೇಕಿತ್ತು. ಸಮಸ್ಯೆಯನ್ನು ಇಷ್ಟು ಸ್ಪಷ್ಟವಾಗಿ ಬರೆದಿಟ್ಟುಕೊಂಡ ಮೇಲೆ ಅರ್ಧ ಗೆದ್ದಂತೆ ಅನ್ನಿಸಿತು.

ಉಳಿದರ್ಧ ಗೆಲ್ಲಲು, ಕೋಟಿನ ಬಟ್ಟೆ ಹೊನ್ನಾಳಿಯಲ್ಲಿ ಬಹಳ ಚೆನ್ನಾಗಿರುತ್ತದೆ ಎಂಬ ಮಾತನ್ನು ಮನೆಯಲ್ಲಿ ಊಟಕ್ಕೊಮ್ಮೆ, ಕಾಫಿಗೊಮ್ಮೆ ಆಡತೊಡಗಿದೆ. ಸೀರೆಗಳೆಲ್ಲ ಆಗಲೇ ದಾವಣಗೆರೆಯಲ್ಲಿ ಆಗಿದ್ದವು. ಗಂಡಿನ ಬಟ್ಟೆಯಷ್ಟೇ ಬಾಕಿ. ನವೆಂಬರಿನ ಒಂದು ಗುರುವಾರ ಜಗಳೂರಿನಿಂದ ಬಾಡಿಗೆ ಕಾರಿನಲ್ಲಿ ಮಾವ ಆಗುವವರು, ಅವರ ಮಗಳು ಹೊನ್ನಾಳಿಗೆ ಬಂದಿಳಿದರು. ಅಪ್ಪ, ನಾನು ಮೊದಲೇ ಹೋಗಿ ಕಾಯುತ್ತಿದ್ದೆವು. "ಇಷ್ಟು ದೂರ ಬಂದೀವಿ ಅಂದ್ರೆ ಬಟ್ಟೆ ಬಂಗಾರದ್ದೇ ಇರ್ಬೇಕು" ಎಂದರು ಮಾವ. ಬಟ್ಟೆ ಸಾಧಾರಣವಾಗಿತ್ತು. ನಾನು ಬಹಳ ಹೊಗಳಿದೆ.

ಅಲ್ಲಿಂದ ಬೂಟಿನ ಅಂಗಡಿ. ಅಂಗಡಿಯವರು ನನ್ನನ್ನು ನೋಡಿದೊಡನೆ, "ಓ, ಬಂದ್ರಾ!" ಎಂದುಬಿಟ್ಟರು. ನಾನು ಗುರುತೇ ಇಲ್ಲದವನ ಹಾಗೆ ಸೀಲಿಂಗ್ ಫ್ಯಾನು ನೋಡಿದೆ.

ಮಾವ ಒಳಗೆ ಬಂದವರೇ ಕರಿ ಹೊಳಪಿನ, ಚೂಪು ಮೂತಿಯ, ಪಕ್ಕದಲ್ಲಿ ಚಿನ್ನದ ಬಣ್ಣದ ಕೊಂಡಿಯಿದ್ದ ಶೂ ಎತ್ತಿಕೊಂಡರು. ಅದರಲ್ಲಿ ಮುಖ ಕಾಣುತ್ತಿತ್ತು. ಅವರು ಮೀಸೆ ಸರಿಮಾಡಿಕೊಂಡರು.

"ಮದುವೆ ಅಂದ್ರೆ ಮಿಂಚಬೇಕು. ಹೆಂಗೈತೆ ಅಳಿಯಂದ್ರೇ?"

ಅಪ್ಪ ನನ್ನ ಮೊಣಕೈಯನ್ನು ಸಣ್ಣಗೆ ಚಿವುಟಿದರು. "ಚೆನ್ನಾಗೈತ್ರಿ" ಎಂದೆ. ಆ ಶೂ ಹಾಕಿಕೊಂಡು ಅಡಿಕೆ ತೋಟದಲ್ಲಿ ಜಾರಿ ಬೀಳುತ್ತಿರುವುದು ಕಣ್ಣಿಗೆ ಕಟ್ಟಿತು. ಅಂಗಡಿಯವರು ಅದನ್ನು ಡಬ್ಬಿಗೆ ಹಾಕಲು ಹೊರಟರು. ಆಗ ಮೂಲೆಯ ಸ್ಟೂಲಿನಿಂದ ಹುಡುಗಿಯ ದನಿ ಬಂತು.

"ಅಪ್ಪಾ, ಅವ್ರು ಒಳಗೆ ಬಂದಾಗಿಂದ ಮೇಲಿನ ಸಾಲಿನಾಗಿರೋ ಆ ಕಂದು ಬೂಟನ್ನೇ ನೋಡ್ತಾ ಅದಾರೆ. ನನ್ ಕಡೆ ಒಂದ್ಸಲನೂ ತಿರುಗಿಲ್ಲ."

ಅಂಗಡಿಯವರು ಮೊದಲು ನಕ್ಕರು. ಮಾವ ತಡವಾಗಿ, ಆದರೆ ಜೋರಾಗಿ ನಕ್ಕರು. ಅಪ್ಪ ನಗಲಿಲ್ಲ.

"ಅದು ಬೇಕೇನ್ರೀ ಅಳಿಯಂದ್ರೇ? ಬಾಯಿ ಬಿಟ್ಟು ಹೇಳ್ರಿ."

ಎರಡನೇ ಚಿವುಟು ಬಿತ್ತು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. "ಹೌದ್ರಿ, ಹೊಲಕ್ಕೂ ಆಗ್ತಾವೆ" ಎಂದೆ.

"ಏನ್ ಮಾಡಾದು ಬೀಗರೇ," ಅಪ್ಪ ನಾಚಿಕೆಯಿಂದ ಒದ್ದಾಡಿದರು, "ನಮ್ ಹುಡುಗಗೆ ಸ್ವಲ್ಪ ಬಾಯಿ ಜಾಸ್ತಿ."

"ಇರ್ಲಿ ಬಿಡ್ರಿ. ಕೊಡ್ಸೋನು ನಾನು, ಹಾಕ್ಕಳೋರು ಅವ್ರು. ಆದ್ರೆ ಮಾಲು ನೋಡ್ಬೇಕು."

ಮಾಲು ನೋಡುವ ಮಾತು ಬಂದ ಮೇಲೆ ಅಪ್ಪ ಹಿಂದೆ ಉಳಿಯುವವರಲ್ಲ. "ಚರ್ಮನೂ ಅಡಿಕೆ ಇದ್ದಂಗೇ. ಮೇಲಿನ ಬಣ್ಣಕ್ಕೆ ಮರುಳಾಗಬಾರ್ದು" ಎಂದು ಬೂಟನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದರು.

"ಏನ್ ಕೇಳಿಸ್ತೈತ್ರಿ?" ಎಂದರು ಮಾವ.

"ಏನೂ ಇಲ್ಲ. ಅದೇ ಒಳ್ಳೇದು. ಒಳಗೆ ಟೊಳ್ಳಿದ್ರೆ ಲೊಟಲೊಟ ಅಂತಿತ್ತು."

"ಬೂಟು ಟೊಳ್ಳಿರ್ಲೇಬೇಕಲ್ರೀ ಬೀಗರೇ. ಇಲ್ದಿದ್ರೆ ಕಾಲು ಎಲ್ಲಿಡಾದು?"

ಅಪ್ಪ ಬೂಟನ್ನು ಮೂಸಿದರು. ಆಮೇಲೆ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ ಅಡಕತ್ತರಿ ತೆಗೆದರು. ಚೀಲದಿಂದ ಒಂದು ಅಡಿಕೆ ತೆಗೆದು, ಸೀಳಿ, ಒಳಗಿನ ಬಣ್ಣ ನೋಡದೆ ಅವರು ಇಡೀ ಆಯುಷ್ಯದಲ್ಲಿ ಒಂದು ಚೀಲವನ್ನೂ ಕೊಂಡವರಲ್ಲ. "ಅಂಚಿನಾಗೆ ಒಂಚೂರು..." ಎನ್ನುವಷ್ಟರಲ್ಲಿ ಅಂಗಡಿಯವರು ಕೌಂಟರ್ ದಾಟಿ ಬಂದು ಬೂಟನ್ನು ಎದೆಗವಚಿಕೊಂಡರು.

"ಯಜಮಾನ್ರೇ, ಇದು ಅಡಿಕೆ ಮಂಡಿ ಅಲ್ರಿ!"

ಈಗ ಮಾವನ ಸರದಿ. ಬೂಟನ್ನು ಹಿಂಬದಿಯಿಂದ, ಕುರಿಯ ಕತ್ತು ಹಿಡಿದಂತೆ ಹಿಡಿದರು. ಎಡಗೈಯಿಂದ ಬೆನ್ನುಹುರಿ ತಡವುವಂತೆ ಹೊಲಿಗೆಯ ಉದ್ದಕ್ಕೂ ತಡವಿದರು. ಲೇಸು ಸಡಿಲಿಸಿ, ಬಾಯಿ ಅಗಲಿಸಿ, ಬೆಳಕಿಗೆ ಹಿಡಿದು ಒಳಗೆ ಇಣುಕಿದರು.

"ಹಲ್ಲು ಎಷ್ಟದಾವೆ ಬೀಗರೇ?" ಎಂದು ಕೇಳಿದರು ಅಪ್ಪ, ಟೊಳ್ಳಿನ ಮಾತಿನ ಬಾಕಿ ತೀರಿಸುತ್ತ.

"ನಾಲಿಗೆ ಗಟ್ಟಿ ಐತೆ, ಅಷ್ಟು ಸಾಕು. ಎರಡು ಹಲ್ಲಿನ ಟಗರು ಇದ್ದಂಗೈತೆ. ತಗಬೋದು."

"ನನ್ ಲೆಕ್ಕದಾಗೂ ಕಳಪೆ ಅಲ್ಲ. ಒಳ್ಳೆ ರೇಟಿನ ರಾಶಿ ಅಡಿಕೆನೇ ಅನ್ನಿ" ಎಂದು ಅಪ್ಪ ತಮ್ಮ ದರ್ಜೆಯನ್ನೂ ಕೊಟ್ಟರು.

ಬೂಟು ಎರಡೂ ಪರೀಕ್ಷೆಗಳಲ್ಲಿ ಪಾಸಾಗಿತ್ತು. ನಾನು ಎಂಟನೇ ನಂಬರು ಹಾಕಿಕೊಂಡು ಕನ್ನಡಿಯ ಮುಂದೆ ಎರಡು ಹೆಜ್ಜೆ ನಡೆದೆ. ಅಳತೆ ಕರಾರುವಾಕ್ಕಾಗಿತ್ತು. ನನ್ನ ಯೋಜನೆ ಪೂರ್ತಿ ಫಲಿಸಿತ್ತು ಎಂದುಕೊಂಡ ಆ ಗಳಿಗೆಯಲ್ಲಿ ಅಪ್ಪ ಬಗ್ಗಿ ಬೂಟಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿದರು.

"ಬಿಗಿ ಐತೆ."

ಮಾವ ಇನ್ನೊಂದು ಕಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒತ್ತಿದರು. "ಹೌದ್ರಿ ಬೀಗರೇ, ಬಿಗಿ ಐತೆ. ಒಂದು ನಂಬರ್ ದೊಡ್ದು ಇರ್ಲಿ."

"ನಾನೂ ಅದನ್ನೇ ಅನ್ನೋನಿದ್ದೆ."

"ಮದುವೆ ಆದ್ಮೇಲೆ ಹುಡುಗ್ರು ತುಂಬ್ಕಂತಾರೆ ನೋಡ್ರಿ."

"ತುಂಬ್ಕಂಡೇ ತುಂಬ್ಕಂತಾರೆ. ನಾನು ಹೆಂಗಿದ್ದೆ ಅಂತೀರಿ, ಕಡ್ಡಿ!"

"ಪಾದನೂ ತುಂಬ್ಕಂತಾವಾ ಅಪ್ಪಾ?" ಎಂದಳು ಹುಡುಗಿ. ಯಾರೂ ಕೇಳಿಸಿಕೊಳ್ಳಲಿಲ್ಲ.

ಬೆಳಗಿನಿಂದ ಕೋಟಿನ ಗುಂಡಿ, ಊಟದ ಹೋಟೆಲು, ಯಾವುದರಲ್ಲೂ ಒಮ್ಮತಕ್ಕೆ ಬರದ ಇಬ್ಬರು ನನ್ನ ಒಂದೊಂದು ಪಾದದ ಮುಂದೆ ಕೂತು, ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿ ತಲೆ ಆಡಿಸುತ್ತಿದ್ದರು. ಅಪ್ಪ ಮಾವನ ಹೆಗಲ ಮೇಲೆ ಕೈ ಹಾಕಿದರು. ನಾನು "ಎಂಟೇ ಸರಿ" ಎನ್ನಲು ಬಾಯಿ ತೆರೆದೆ. ಆದರೆ ಮದುಮಗನಿಗೆ ಒಂದು ಸಲ ಕೇಳುವ ಅವಕಾಶ ಸಿಕ್ಕಿದ್ದೇ ಹೆಚ್ಚು, ನಾನು ಅದನ್ನು ಆಗಲೇ ಖರ್ಚು ಮಾಡಿದ್ದೆ. ಅಂಗಡಿಯವರನ್ನು ಬೇಡುವ ಕಣ್ಣಿನಿಂದ ನೋಡಿದೆ. ಅವರು ಅಡಕತ್ತರಿಯ ಗಾಬರಿಯಿಂದ ಇನ್ನೂ ಹೊರಬಂದಿರಲಿಲ್ಲ. ಒಂಬತ್ತರ ಡಬ್ಬಿ ತಂದಿಟ್ಟರು.

ಮದುವೆ ಆಯಿತು. ಬೂಟು ನಾನು ಬಯಸಿದ್ದಷ್ಟೇ ಒಳ್ಳೆಯದು. ಮುಳ್ಳು ತೂರಿಲ್ಲ, ಹೊಲಿಗೆ ಬಿಟ್ಟಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಒಣಗಿಸಿದರೆ ಮತ್ತೆ ಹೊಸದರ ಹಾಗೆ. ಒಂದೇ ತೊಂದರೆ, ನಾನು ಹೆಜ್ಜೆ ಎತ್ತಿದ ಮೇಲೆ ಅದು ಸ್ವಲ್ಪ ಯೋಚಿಸಿ ಎತ್ತುತ್ತದೆ. ಜಗಳೂರಿಗೆ ಹೋದಾಗ ಮಾವ ನನ್ನ ಮುಖ ನೋಡುವ ಮೊದಲು ಕಾಲು ನೋಡುತ್ತಾರೆ.

"ಏನ್ರೀ ಅಳಿಯಂದ್ರೇ, ತುಂಬ್ಕಂತಾ?"

"ಹತ್ರ ಹತ್ರ ಬಂದೈತ್ರಿ."

"ನೋಡಿದ್ರಾ! ಎಂಟು ತಗಂಡಿದ್ರೆ ಇಷ್ಟೊತ್ತಿಗೆ ಒಡ್ದು ಹೋಗಿರೋದು."

ಅಷ್ಟು ಹೇಳಿ ಅಪ್ಪನಿಗೆ ಫೋನು ಹಚ್ಚುತ್ತಾರೆ. ಇಬ್ಬರೂ ಈಗ ವಾರಕ್ಕೆ ಎರಡು ಮೂರು ಸಲ ಮಾತಾಡುತ್ತಾರೆ. ಮಾತು ಮಳೆ, ಅಡಿಕೆ, ಕುರಿ ಎಲ್ಲ ಸುತ್ತಿ ಕೊನೆಗೆ ನನ್ನ ಪಾದಕ್ಕೆ ಬಂದು ನಿಲ್ಲುತ್ತದೆ. ಇಂಥ ಸ್ನೇಹದ ನಡುವೆ ಹೋಗಿ, ಬೂಟು ದೊಡ್ಡದಾಯಿತು ಎಂದು ಹೇಳುವುದು ಹೇಗೆ?

"ಬೂಟು ಬೇಕು ಅನ್ನಾಕೆ ಧೈರ್ಯ ಇತ್ತು, ನಂಬರ್ ಹೇಳಾಕೆ ಇರ್ಲಿಲ್ಲೇನ್ರೀ?" ಎನ್ನುತ್ತಾಳೆ ಹೆಂಡತಿ, ಬೊಕ್ಕೆಗೆ ಅರಿಶಿನ ಹಚ್ಚುತ್ತ.

"ಅದು ನಿನ್ನ ಧೈರ್ಯ. ನಂದಲ್ಲ."

ಇದುವರೆಗೆ ಮಾಡಿ ನೋಡಿದ್ದು: ದಪ್ಪ ಕಾಲುಚೀಲ, ಎರಡು ಕಾಲುಚೀಲ, ಒಳಗೆ ಹಾಕುವ ಮೆತ್ತನೆಯ ಅಟ್ಟೆ. ಹೆಂಡತಿಯ ಸಲಹೆಯಂತೆ ಮೂತಿಯಲ್ಲಿ ತವರಿನ ಕುರಿ ಉಣ್ಣೆ ತುಂಬಿದ್ದೂ ಆಯಿತು. ಉಣ್ಣೆ ಬೆಚ್ಚಗಿತ್ತು, ಆದರೆ ಮಧ್ಯಾಹ್ನದ ಹೊತ್ತಿಗೆ ಮುದ್ದೆಯಾಗಿ ಹಿಮ್ಮಡಿಗೆ ಬಂದು ಕೂರುತ್ತಿತ್ತು. ಹೆಚ್ಚು ಕೆಲಸ ಮಾಡಿದ್ದು ಮೆತ್ತನೆಯ ಅಟ್ಟೆ, ಎಡಗಾಲು ವಾಸಿಯಾದದ್ದು ಅದರಿಂದಲೇ. ಬಲಪಾದ ಎಡಕ್ಕಿಂತ ಕೊಂಚ ಸಣ್ಣದಿರಬೇಕು, ಅದು ಇನ್ನೂ ಜಗ್ಗಿಲ್ಲ.

ಚರ್ಮದ ಬೂಟನ್ನು ಒಂದು ನಂಬರಿನಷ್ಟು ಕುಗ್ಗಿಸುವ, ಇಲ್ಲವೇ ಹಿಮ್ಮಡಿ ಏಳದಂತೆ ಲೇಸು ಕಟ್ಟುವ ಉಪಾಯ ಬಲ್ಲವರು ದಯವಿಟ್ಟು ನನಗೆ ಬರೆದು ತಿಳಿಸಿ. ಮಾರಿಬಿಡು, ಬದಲಾಯಿಸು ಎಂದು ಮಾತ್ರ ಬರೆಯಬೇಡಿ, ಅದು ಆಗದ ಮಾತು. ಮದುವೆಯಾದ ಮೇಲೆ ಯಾರದಾದರೂ ಪಾದ ನಿಜವಾಗಿಯೂ ತುಂಬಿಕೊಂಡಿದ್ದರೆ, ಎಷ್ಟು ತಿಂಗಳು ಹಿಡಿಯಿತು ಎಂಬುದನ್ನೂ ತಿಳಿಸಿ, ಕಾಯುತ್ತೇನೆ.