ಕೆನ್ನೆ ಹಚ್ಚಿ ಆರಿಸಿದ ಹಾಸು

ಟೆಂಟ್ ನಮ್ಮ ಮನೆಗೆ ಬಂದದ್ದು ಒಂದು ಉದ್ದನೆಯ ಚೀಲದಲ್ಲಿ. ನಮ್ಮ ಯಜಮಾನರಿಗೆ ಸೈರಣೆ ಎಲ್ಲಿಯದು, ಮುಂಬಯಿಯ ಸಯನ್‌ನ ನಮ್ಮ ಫ್ಲಾಟಿನ ಹಾಲ್‌ನಲ್ಲೇ ಬಿಚ್ಚಿ ನಿಲ್ಲಿಸಿಬಿಟ್ಟರು. ನಿಲ್ಲಿಸಿದ ಮೇಲೆ ಹಾಲ್ ಎಂಬುದೇ ಉಳಿಯಲಿಲ್ಲ. ಅಡುಗೆಮನೆಗೆ ಹೋಗಬೇಕೆಂದರೆ ಗೋಡೆಗೆ ಬೆನ್ನು ಹಚ್ಚಿ ಅಡ್ಡಡ್ಡ ನಡೆಯಬೇಕಿತ್ತು. ಹತ್ತು ವರ್ಷದ ಮಗಳು ಊಟ, ಹೋಮ್‌ವರ್ಕ್, ನಿದ್ದೆ ಎಲ್ಲವನ್ನೂ ಅದರೊಳಗೇ ಸಾಗಿಸಿದಳು. ನಾಲ್ಕು ಜನರ ಫ್ಯಾಮಿಲಿ ಟೆಂಟ್. ನಾವು ಸರಿಯಾಗಿ ನಾಲ್ಕು ಜನ. ದೀಪಾವಳಿ ರಜೆಯಲ್ಲಿ ಕರ್ಜತ್ ಕಡೆ ಹೊಳೆಯ ದಂಡೆಯಲ್ಲಿ ಎರಡು ರಾತ್ರಿ ಇರುವುದೆಂದು ತೀರ್ಮಾನವಾಗಿತ್ತು. ಯಾರು ಎಲ್ಲಿ ಮಲಗಬೇಕೆಂದು ಮಗಳು ನಕ್ಷೆಯನ್ನೂ ಬರೆದಿಟ್ಟಿದ್ದಳು. ಅದರಲ್ಲಿ ಅಜ್ಜಿ ಅವಳ ಪಕ್ಕದಲ್ಲಿದ್ದಳು.

ಆ ಅಜ್ಜಿ, ಅಂದರೆ ನನ್ನ ಅವ್ವ, ಟೆಂಟಿನ ಕಡೆ ತಿರುಗಿ ಕೂಡ ನೋಡಲಿಲ್ಲ. ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಒಳಗೆ ಬಂದು ಮೆಲ್ಲಗೆ ಹೇಳಿದಳು.

"ನಾ ಬರೂದಿಲ್ಲವಾ. ನೀವು ಮೂರೂ ಮಂದಿ ಹೋಗಿ ಬರ್ರಿ."

"ಯಾಕ?"

"ಇಂಥಾದ್ರಾಗ ಹದಿನಾಕು ವರ್ಸ ಇದ್ದೀನಿ. ಸಾಕಾಗೇತಿ."

ಹಾಲ್‌ನಲ್ಲಿ ಮಗಳಿಗೆ ಕೇಳಿಸೀತೆಂದು ನಾನು ಬಾಗಿಲ ಕಡೆ ನೋಡಿದೆ. ಅವ್ವ ಅದನ್ನು ಗಮನಿಸಿ ಅಲ್ಲಿಗೇ ಮಾತು ನಿಲ್ಲಿಸಿದಳು.

ಈ ಮಾತು ನಿಲ್ಲಿಸುವ ಅಭ್ಯಾಸವನ್ನು ಅವಳಿಗೆ ಕಲಿಸಿದವಳು ನಾನೇ. ಅಪ್ಪ, ಅವ್ವ ಬಾಗಲಕೋಟೆ ಕಡೆಯಿಂದ ಮುಂಬಯಿಗೆ ಬಂದದ್ದು ಬಿಲ್ಡಿಂಗ್ ಕೆಲಸಕ್ಕೆ. ಈಗಿಲ್ಲದ ನನ್ನ ಅಪ್ಪ ಆಗ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದ, ಅವ್ವ ಸಿಮೆಂಟಿನ ಬುಟ್ಟಿ ಹೊರುತ್ತಿದ್ದಳು. ಕಟ್ಟುವ ಬಿಲ್ಡಿಂಗಿನ ಬುಡದಲ್ಲೇ ನಾಲ್ಕು ಬಿದಿರು ನೆಟ್ಟು ಮೇಲೆ ತಾಡಪತ್ರಿ ಎಳೆದರೆ ಅದೇ ಮನೆ. ಬಿಲ್ಡಿಂಗ್ ಮುಗಿದು ಜನ ಒಳಗೆ ಬರುವ ಹೊತ್ತಿಗೆ ನಾವು ತಾಡಪತ್ರಿ ಸುತ್ತಿಕೊಂಡು ಮುಂದಿನ ಸೈಟಿಗೆ ಹೊರಡುತ್ತಿದ್ದೆವು. ನಾನು ಹುಟ್ಟಿದ್ದು ಅಂಧೇರಿಯಲ್ಲಿ, ಅಂಥದೇ ಒಂದು ತಾಡಪತ್ರಿಯ ಕೆಳಗೆ. ಶಾಲೆಯಲ್ಲಿ ಐದನೇ ಇಯತ್ತೆಯಲ್ಲಿದ್ದಾಗ ಇಲ್ಲೇ ಸಯನ್‌ನ ಒಂದು ಚಾಳ್‌ನಲ್ಲಿ ಒಂದೇ ಕೋಣೆಯ ಖೋಲಿ ಸಿಕ್ಕಿತು. ಅದು ಸಿಕ್ಕ ದಿನವೇ ನಾನು ಅವ್ವನಿಗೆ ತಾಕೀತು ಮಾಡಿದ್ದೆ: "ನಾವು ಮದ್ಲ ಎಲ್ಲಿದ್ವಿ ಅಂತ ಯಾರ ಮುಂದೂ ಹೇಳಬ್ಯಾಡ." ಹತ್ತು ವರ್ಷದ ಹುಡುಗಿಯ ಮಾತು ಅದು. ಅವ್ವ ಮೂವತ್ತೈದು ವರ್ಷದಿಂದ ಅದನ್ನು ಪಾಲಿಸುತ್ತ ಬಂದಿದ್ದಳು. ನಮ್ಮವರಿಗೆ ಮದುವೆಗೆ ಮೊದಲೇ ನಾನು ಹೇಳಿದ್ದೆ. ಮಗಳಿಗೆ ಹೇಳಿರಲಿಲ್ಲ. ನಾನು ಹೇಳಲಿಲ್ಲವೆಂದು ಅವ್ವನೂ ಹೇಳಿರಲಿಲ್ಲ.

ಟೆಂಟಿನ ತಳ ತೆಳ್ಳಗಿನ ಪ್ಲಾಸ್ಟಿಕ್ಕು. ಹೊಳೆದಂಡೆಯ ಕಲ್ಲು ಚುಚ್ಚದೆ ಬಿಡುವುದಿಲ್ಲ, ಒಳಗೆ ಏನಾದರೂ ಹಾಸಲೇಬೇಕು. ನಮ್ಮವರು ಟೇಪ್ ಹಿಡಿದು ಮೂರು ಸಲ ಅಳತೆ ತೆಗೆದರು. ಒಂದು ಟೊಮೆಟೊ ಕೊಳ್ಳಬೇಕಾದರೂ ಹತ್ತು ಜನರ ಅಭಿಪ್ರಾಯ ಓದುವ ಮನುಷ್ಯ ಅವರು. ಫೋನಿನಲ್ಲಿ ಫೋಮ್ ಹಾಸು, ಹಸಿರು ಪ್ಲಾಸ್ಟಿಕ್ ಹುಲ್ಲು, ಮಡಚುವ ಚಾಪೆ ಎಲ್ಲವನ್ನೂ ತೋರಿಸಿದರು. ನನಗೆ ಯಾವುದೂ ಹಿಡಿಸಲಿಲ್ಲ. ನನಗೆ ಬೇಕಾದದ್ದು ಕಾರ್ಪೆಟ್. ದಪ್ಪ, ಕೆಂಪು, ಕಾಲಿಟ್ಟರೆ ಹೂತುಹೋಗುವಂಥದ್ದು. ಸಿಮೆಂಟ್ ಚೀಲದ ಮೇಲೆ ಮಲಗಿ ಎದ್ದ ಮೈ ಇದು, ಚೀಲದ ನೇಯ್ಗೆಯ ಗೀರು ಬೆಳಿಗ್ಗೆ ತೋಳಿನ ಮೇಲೆ ಮೂಡಿರುತ್ತಿತ್ತು. ಮತ್ತೊಮ್ಮೆ ಡೇರೆಯಲ್ಲಿ ಮಲಗುವುದೇ ಆದರೆ ಕಾರ್ಪೆಟ್ಟಿನ ಮೇಲೇ ಮಲಗುತ್ತೇನೆಂದು ನಾನು ಹಟಕ್ಕೆ ಬಿದ್ದಿದ್ದೆ.

ಶನಿವಾರ ಪರೇಲ್‌ನಲ್ಲಿ ನನ್ನ ಆಸ್ಪತ್ರೆ ಲ್ಯಾಬಿನ ಡ್ಯೂಟಿ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಅವ್ವನ ಮೊಣಕಾಲಿನ ಔಷಧಿಯನ್ನೂ ತರಬೇಕಿತ್ತು. ಅವಳನ್ನು ಕರೆದುಕೊಂಡು ಸ್ಟೇಷನ್ ಹತ್ತಿರದ ಅಂಗಡಿಗೆ ಹೋದೆ. ಅಂಗಡಿಯವನು ಒಂದರ ಮೇಲೊಂದು ಬಿಚ್ಚಿ ಹಾಸಿದ. ಕೊನೆಗೆ ನನ್ನ ಕೆಂಪು ಕಾರ್ಪೆಟ್ ಬಂತು. ನಾನು ಅಂಚು ಹಿಡಿದು ನೋಡುತ್ತಿದ್ದೆ. ಅಷ್ಟರಲ್ಲಿ ಅವ್ವ ಚಪ್ಪಲಿ ಬಿಟ್ಟು, ಮೊಣಕಾಲು ನೋಯುತ್ತಿದ್ದರೂ ಕೆಳಗೆ ಕೂತು, ಬಾಗಿ, ಕಾರ್ಪೆಟ್ಟಿಗೆ ಕೆನ್ನೆ ಹಚ್ಚಿದಳು. ಹಾಗೇ ಕಣ್ಣು ಮುಚ್ಚಿದಳು. ಪರದೆ ಬಟ್ಟೆ ನೋಡಲು ಬಂದಿದ್ದ ಇಬ್ಬರು ಹೆಂಗಸರು ನೋಡುತ್ತ ನಿಂತರು. ಒಬ್ಬಳು ನಕ್ಕಳು.

"ಅವ್ವಾ, ಏಳು," ಅಂದೆ. ದನಿ ನಾನಂದುಕೊಂಡದ್ದಕ್ಕಿಂತ ಬಿರುಸಾಗಿತ್ತು. "ಮಂದಿ ನೋಡಾಕತ್ತಾರ."

ಅವ್ವ ಎದ್ದಳು. ಏಳಲು ಹೊತ್ತು ಹಿಡಿಯಿತು. ಸೆರಗು ಸರಿಮಾಡಿಕೊಂಡು "ಇದು ನೀರು ಕುಡಿತೈತಿ" ಎಂದಷ್ಟೇ ಹೇಳಿ ಹೊರಗೆ ಹೋಗಿ ನಿಂತಳು. ನಾನು ಅದನ್ನೇ ಕೊಂಡೆ. ತಪ್ಪು ಮಾಡಿದೆನೆಂದು ಗೊತ್ತಾದ ಮೇಲೆ ಅದನ್ನೇ ಇನ್ನಷ್ಟು ಜೋರಾಗಿ ಮಾಡುವ ಸ್ವಭಾವ ನನ್ನದು. ಮನೆಗೆ ಬರುವ ದಾರಿಯುದ್ದಕ್ಕೂ ಅವ್ವ ನನಗಿಂತ ಎರಡು ಹೆಜ್ಜೆ ಹಿಂದೆಯೇ ನಡೆದಳು. ಔಷಧಿ ತರುವುದನ್ನು ನಾನು ಮರೆತಿದ್ದೆ, ಅವಳೂ ನೆನಪಿಸಲಿಲ್ಲ.

ಮರುದಿನ ಬೆಳಿಗ್ಗೆ ಬಿಲ್ಡಿಂಗಿನ ಟೆರೇಸಿನ ಮೇಲೆ ಟೆಂಟ್ ಹಾಕುವ ತಾಲೀಮು. ಅಲ್ಲಿ ಗೂಟ ಹೊಡೆಯುವಂತಿಲ್ಲ, ಹಗ್ಗಗಳನ್ನು ನೀರಿನ ಪೈಪಿಗೆ, ಮರಳು ತುಂಬಿದ ಬಕೆಟ್‌ಗಳಿಗೆ ಕಟ್ಟಿದೆವು. ಟೆಂಟಿನ ಅಡಿಗೆ ನಮ್ಮವರು ದೊಡ್ಡದೊಂದು ನೀಲಿ ತಾಡಪತ್ರಿ ಹಾಸಿದ್ದರು. ಅದು ಸುತ್ತಲೂ ಎರಡೆರಡು ಅಡಿ ಹೊರಗೆ ಚಾಚಿತ್ತು. "ಚಪ್ಪಲಿ ಬಿಡಾಕ ಅಂಗಳ," ಎಂದು ಹೆಮ್ಮೆಯಿಂದ ತೋರಿಸಿದರು. ಒಳಗೆ ನನ್ನ ಕೆಂಪು ಕಾರ್ಪೆಟ್. ಚೆಂದ ಕಾಣುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಮಗಳು ಓಡಿ ಹೋಗಿ, ಬರುವುದಿಲ್ಲವೆಂದ ಅಜ್ಜಿಯನ್ನು ಕೈ ಹಿಡಿದು ಎರಡು ಅಂತಸ್ತು ಹತ್ತಿಸಿಕೊಂಡು ಬಂದಳು.

ಅವ್ವ ಟೆಂಟನ್ನು ಒಂದು ಸುತ್ತು ಹಾಕಿದಳು. ಹಗ್ಗ ಜಗ್ಗಿ ನೋಡಿದಳು. ಅಂಗಳದ ಮುಂದೆ ನಿಂತು ಮೊಮ್ಮಗಳಿಗೆ ಹೇಳಿದಳು. "ಒಂದು ಬಕೀಟು ನೀರು ತಾ ಕೂಸ."

ಮಗಳು ತಂದಳು. ಅವ್ವ ಅದನ್ನು ನಿಧಾನಕ್ಕೆ ಹೊರಗೆ ಚಾಚಿದ್ದ ತಾಡಪತ್ರಿಯ ಮೇಲೆ ಸುರಿದಳು. ನೀರು ಒಂದು ಕ್ಷಣ ನಿಂತಿತು, ಆಮೇಲೆ ಟೆಂಟಿನ ಅಡಿಗೆ ಜಾರಿತು. ಐದು ನಿಮಿಷ ಕಳೆಯಿತು. ಒಳಗೆ ಹೊಲಿಗೆಯ ಗುಂಟ ಕಾರ್ಪೆಟ್ಟಿನ ಅಂಚು ಕಪ್ಪಾಗತೊಡಗಿತು, ನೋಡನೋಡುತ್ತಿದ್ದಂತೆ ಒಂದು ಮಾರಿನಷ್ಟು ಹಬ್ಬಿತು.

"ಅಡಿಗಿನ ಹಾಸು ಡೇರೇಕಿಂತ ಒಂದು ಗೇಣು ಸಣ್ಣದಿರಬೇಕ್ರಿ," ಎಂದು ಅಳಿಯನಿಗೆ ಹೇಳಿದಳು. "ಹೊರಗ ಬಂತಂದ್ರ ಮಳಿ ನೀರಿಗೆ ತಾನ ಬಾ ಅಂತ ಕರದಂಗ."

ನಮ್ಮವರು "ಹೌದ್ರಿ ಅತ್ತಿ" ಎಂದು ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದರು. ಇದನ್ನು ಯಾವ ಅಭಿಪ್ರಾಯದಲ್ಲೂ ಅವರು ಓದಿರಲಿಲ್ಲ.

ಮಗಳು ಕಣ್ಣರಳಿಸಿ ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಕೇಳಿದಳು. "ಅಜ್ಜಿ, ನಿಂಗೆ ಹೆಂಗೆ ಮಾಲೂಮ್?"

ಅವ್ವ ನನ್ನ ಮುಖ ನೋಡಿದಳು. ಒಂದೇ ಗಳಿಗೆ. ಆಮೇಲೆ ಸಲೀಸಾಗಿ ಹೇಳಿದಳು. "ಟಿವಿಯಾಗ ತೋರಿಸಿದ್ರವಾ."

ತನಗೆ ಚೆನ್ನಾಗಿ ಗೊತ್ತಿದ್ದ ಒಂದು ವಿದ್ಯೆಯನ್ನು, ಮೊಮ್ಮಗಳು ಮೆಚ್ಚಿ ಕೇಳಿದಾಗಲೂ ಟಿವಿಗೆ ದಾನ ಮಾಡಿದಳಲ್ಲ, ಅದೂ ನನ್ನ ಮರ್ಯಾದೆಗಾಗಿ. ನನಗೆ ನನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮಗಳಿಗೆ ಹೇಳಿದೆ. "ಟಿವಿಯಾಗಲ್ಲ. ಅಜ್ಜಿ ಇಂಥಾ ಡೇರೆ ಹಾಕಿಕೊಂಡು ಹದಿನಾಕು ವರ್ಷ ಇದ್ಲು. ಬಿಲ್ಡಿಂಗ್ ಕಟ್ಟಾಕ ಬಂದವರು ನಾವು. ನಾ ಹುಟ್ಟಿದ್ದ ಅದರಾಗ."

ಮಗಳು ನನ್ನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಮೂವತ್ತೈದು ವರ್ಷ ನಾನು ಹೆದರಿದ್ದು ಇಂಥ ನೋಟಕ್ಕೇ ಏನೋ.

"ರೋಜ್? ದಿನಾ? ಸ್ಕೂಲ್ ಇದ್ದಾಗ ಭೀ?" ಅಂದಳು. ಅವಳ ದನಿಯಲ್ಲಿ ಶುದ್ಧ ಹೊಟ್ಟೆಕಿಚ್ಚಿತ್ತು. "ಮಮ್ಮಿ, ನಂಗೆ ಎರಡೇ ದಿನ?"

ಅವ್ವ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ನಗು ನಿಂತ ಮೇಲೆ ತಾನಾಗಿಯೇ ಬಕೆಟ್ ಮಗುಚಿ ಅದರ ಮೇಲೆ ಕೂತು ಹೇಳತೊಡಗಿದಳು. ಹೊಸ ಸೈಟಿಗೆ ಹೋದಾಗ ಮೊದಲು ನೆಲ ಕೆರೆದು ಮಟ್ಟಮಾಡುವುದು, ಜರಡಿ ಹಿಡಿದ ಮರಳು ಹರಡುವುದು, ತೊಳೆದ ಸಿಮೆಂಟ್ ಚೀಲಗಳನ್ನು ಬಿಚ್ಚಿ ಮೂರು ಪದರು ಜೋಡಿಸಿ ದಬ್ಬಣದಿಂದ ಹೊಲಿಯುವುದು. "ಕಡೀಕ ಕೆನ್ನಿ ಹಚ್ಚಿ ನೋಡತಿದ್ದೆ," ಅಂದಳು. "ಹರಳು ಉಳದೈತೇನು, ತಂಪು ಏರೇತೇನು ಅಂತ."

"ಕೈ ಸೇ ಯಾಕೆ ನೋಡಲಿಲ್ಲ?" ಮಗಳು ಕೇಳಿದಳು.

"ಸಿಮೆಂಟು ತಿಂದು ತಿಂದು ಕೈ ಬಡ್ಡಾಗಿದ್ದುವವಾ, ಅವಕ್ಕ ಏನೂ ತಿಳೀತಿರಲಿಲ್ಲ. ನಿಮ್ಮವ್ವ ಸಣ್ಣ ಕೂಸು. ಅಕಿ ಮೈಗೆ ಚುಚ್ಚೂದು ನನ್ನ ಕೆನ್ನಿಗಷ್ಟ ತಿಳೀತಿತ್ತು."

ಅಂಗಡಿಯಲ್ಲಿ ನಾನು ಬಿರುಸಾಗಿ ಎಬ್ಬಿಸಿದ್ದು ಏನನ್ನು ಎಂದು ಆಗ ತಿಳಿಯಿತು. ನೀರಿನ ಟಾಕಿಯ ಹಿಂದೆ ಹೋಗಿ ಹಗ್ಗ ಬಿಚ್ಚುವವಳ ಹಾಗೆ ಸ್ವಲ್ಪ ಹೊತ್ತು ನಿಂತೆ.

ಕೆಂಪು ಕಾರ್ಪೆಟ್ ಒಣಗಿ ಹಾಲ್ ಸೇರಿತು, ಈಗಲೂ ಅಲ್ಲೇ ಇದೆ. ನಮ್ಮ ಪಕ್ಕದ ಹಳೆಯ ಬಿಲ್ಡಿಂಗ್ ಒಡೆದು ಹೊಸದು ಕಟ್ಟುತ್ತಿದ್ದರು. ಕೆಲಸದ ಹೆಂಗಸರು ಕಲಬುರಗಿ ಕಡೆಯವರು. ಅಲ್ಲಿಯವರೆಗೆ ಅವ್ವ ನನ್ನ ಜೊತೆಗಿದ್ದರೆ ಆ ಗೇಟಿನ ಮುಂದೆ ತಲೆ ತಗ್ಗಿಸಿಯೇ ಹಾದುಹೋಗುತ್ತಿದ್ದಳು. ಈ ಸಲ ಮೊಮ್ಮಗಳ ಕೈ ಹಿಡಿದು ಒಳಗೇ ಹೋದಳು. ಒಂದು ತಾಸಿನ ಮೇಲೆ ಒಂದು ಹೊರೆ ಖಾಲಿ ಚೀಲ ತಂದಳು, ಯಾರ ಮಗಳ ಮದುವೆ ಎಲ್ಲಿ ಗೊತ್ತಾಗಿದೆ ಎಂಬ ಸುದ್ದಿಯನ್ನೂ ತಂದಳು. ಚೀಲಗಳನ್ನು ಮೂರು ಸಲ ತೊಳೆದು ಟೆರೇಸಿನಲ್ಲಿ ಒಣಗಿಸಿ, ವಾರವಿಡೀ ಕೂತು ಹೊಲಿದಳು. ಮಗಳು ದಬ್ಬಣಕ್ಕೆ ದಾರ ಪೋಣಿಸಿಕೊಟ್ಟಳು.

ಮುಂದಿನ ಭಾನುವಾರ ಮತ್ತೆ ಟೆಂಟ್ ನಿಲ್ಲಿಸಿದೆವು. ಅಡಿಯ ತಾಡಪತ್ರಿ ಒಂದು ಗೇಣು ಒಳಗಿತ್ತು. ಒಳಗೆ ಚೀಲದ ಹಾಸು ಬಿಚ್ಚಿದೆವು. ಅವ್ವ ಬಾಗಲು ಹೋಗಿ ಮೊಣಕಾಲು ಹಿಡಿದುಕೊಂಡಳು. "ನೀನ ನೋಡು," ಎಂದು ನನಗೆ ಹೇಳಿದಳು.

ಟೆರೇಸಿನ ಆ ತುದಿಯಲ್ಲಿ ಮೂರನೇ ಅಂತಸ್ತಿನ ಹೆಂಗಸರು ಹಪ್ಪಳ ಒಣಗಿಸುತ್ತ ನಮ್ಮ ಕಡೆಯೇ ನೋಡುತ್ತಿದ್ದರು. ನಾನು ಮಂಡಿಯೂರಿ, ಬಾಗಿ, ಕೆನ್ನೆ ಹಚ್ಚಿದೆ. ಮೂರು ಸಲ ತೊಳೆದರೂ ಸಿಮೆಂಟಿನ ವಾಸನೆ ಹೋಗಿರಲಿಲ್ಲ. ಎಲ್ಲೂ ಚುಚ್ಚಲಿಲ್ಲ. ಏಳಬೇಕೆನಿಸಲಿಲ್ಲ.

"ಏಳವಾ ಇನ್ನ," ಅವ್ವ ಮೇಲಿನಿಂದ ಮೆಲ್ಲಗೆ ಅಂದಳು. "ಮಂದಿ ನೋಡಾಕತ್ತಾರ."

"ನೋಡ್ಲಿ ಬಿಡು," ಅಂದೆ. "ಕರ್ಜತ್‌ಗೆ ಬರ್ತಿಯಿಲ್ಲ?"

ಅವ್ವ ಹಾಸಿನ ಒಂದು ಮೂಲೆಯನ್ನು ಕಾಲಿನಿಂದ ಸರಿಮಾಡಿದಳು. "ಕೂಸಿನ ಬಾಜೂಕ ನನಗ ಜಾಗಾ ಬಿಡ್ರಿ," ಅಂದಳು.